ಉಪ್ಪು ಹಾಕಿದ ಮಂಜುಗಡ್ಡೆ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ನನ್ನ ಮೊಮ್ಮಗಳಿಗೆ ಹನ್ನೊಂದು ತುಂಬಿತ್ತು. ಹನ್ನೆರಡು ತುಂಬಲಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಸೂಜಿ ಬೀಳಬೇಕು, ಬೀಳದಿದ್ದರೆ ಬದುಕಿಲ್ಲ. ಸೂಜಿ ಹಾಕುತ್ತಿದ್ದವಳು ನನ್ನ ಮಗಳು. ಅಳಿಯ ದೇವದುರ್ಗದ ಕಡೆ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಅವರ ಮನೆ ಮಾನ್ವಿಯಲ್ಲಿ. ಫ್ರಿಜ್ ಇಲ್ಲ. ಔಷಧದ ಸೀಸೆಯನ್ನು ಗಡಿಗೆಯಲ್ಲಿ ಇಡುತ್ತಿದ್ದರು. ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು, ಅದರ ನಡುವೆ ಚಿಕ್ಕ ಗಡಿಗೆ, ಮೇಲೆ ಒದ್ದೆ ಬಟ್ಟೆ. ನೀರು ಆರುತ್ತಾ ಹೋದಂತೆ ಒಳಗೆ ತಂಪಾಗುತ್ತದೆ. ದವಾಖಾನೆಯ ನರ್ಸ್ ಹೇಳಿಕೊಟ್ಟದ್ದು. ಎರಡು ಬೇಸಿಗೆ ಹಾಗೆಯೇ ಕಳೆದಿತ್ತು, ಏನೂ ಆಗಿರಲಿಲ್ಲ.

ನಾನು ರಾಯಚೂರಿನಲ್ಲಿ ಕುಲ್ಫಿ ಮಾರಿದವಳು. ತೀನ್ ಕಂದೀಲ್ ವೃತ್ತದ ಹತ್ತಿರ ಮೂವತ್ತು ವರ್ಷ ಗಾಡಿ ನಿಲ್ಲಿಸಿದ್ದೇನೆ. ಓದಿದ್ದು ಎರಡನೇ ಕ್ಲಾಸು, ಆದರೆ ಮಂಜುಗಡ್ಡೆ ನನಗೆ ಗೊತ್ತು. ಬರೀ ಮಂಜುಗಡ್ಡೆಯಲ್ಲಿ ಹಾಲು ಗಟ್ಟಿಯಾಗುವುದಿಲ್ಲ. ಅದು ತನ್ನ ಪಾಡಿಗೆ ಕರಗುತ್ತಿರುತ್ತದೆ. ಕರಗಿ ಮುಗಿಯುವವರೆಗೂ ಅದರ ತಂಪು ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಹೊರಗಿನ ಕಾವೆಲ್ಲ ಆ ಕರಗುವುದಕ್ಕೇ ಸರಿಹೋಗುತ್ತದೆ. ಮೇಲೆ ಹರಳುಪ್ಪು ಸುರಿದರೆ ಬೇರೆಯೇ ಆಟ. ಬೇಗ ಕರಗುತ್ತದೆ, ಕರಗುತ್ತಲೇ ಮೊದಲಿಗಿಂತ ತಣ್ಣಗಾಗುತ್ತದೆ, ಬೆರಳಿಟ್ಟರೆ ಸುಟ್ಟ ಹಾಗಾಗುತ್ತದೆ. ಅಚ್ಚಿನೊಳಗಿನ ಹಾಲು ಕಲ್ಲಾಗುತ್ತದೆ.

ಆ ಮೇ ತಿಂಗಳಲ್ಲಿ ಮಗಳ ಮನೆಗೆ ಹೋದೆ. ಗಾಳಿಯೇ ಸುಡುತ್ತಿತ್ತು. ಗಡಿಗೆಯೊಳಗೆ ಕೈಯಿಟ್ಟು ನೋಡಿದೆ. ಇದೆಂಥ ತಂಪು ಅನ್ನಿಸಿತು. ಬಸ್ ನಿಲ್ದಾಣದ ಕಡೆಯಿಂದ ಮಂಜುಗಡ್ಡೆ ತಂದು, ಥರ್ಮಾಕೋಲ್ ಡಬ್ಬಿಯಲ್ಲಿ ಒಡೆದು ಹಾಕಿ, ಎರಡು ಹಿಡಿ ಉಪ್ಪು ಸುರಿದು, ನಡುವೆ ಸೀಸೆ ಹೂತೆ.

“ಯವ್ವಾ, ಗಡಿಗ್ಯಾಗ ಇಟ್ರ ಸಾಕಂತ ನರ್ಸ್ ಅಕ್ಕಾರು ಹೇಳ್ಯಾರ,” ಎಂದಳು ಮಗಳು.

“ಆಕಿ ಎಷ್ಟು ವರ್ಷ ಮಂಜುಗಡ್ಡಿ ಒಡದಾಳ ಕೇಳು. ನನಗ ಕಲಿಸಾಕ ಬರಬ್ಯಾಡ.”

ಮೊಮ್ಮಗಳು ಪಕ್ಕದಲ್ಲಿ ಕೂತು ನಗುತ್ತಿದ್ದಳು. “ಅಜ್ಜಿ, ನನ್ನ ಔಷಧದ್ದು ಕುಲ್ಫಿ ಮಾಡಾಕತ್ತೀಯೇನು? ಕಡ್ಡಿ ಚುಚ್ಚಿ ಕೊಡು, ಸೂಜಿ ಕಾಟ ತಪ್ತದ.”

“ಬಾಯಿ ಮುಚ್ಚು ಬೇ,” ಎಂದೆ.

ಸಂಜೆ ಸೂಜಿಯ ಹೊತ್ತಿಗೆ ಸೀಸೆ ತೆಗೆದರೆ ಒಳಗಿನದು ಗಟ್ಟಿಯಾಗಿತ್ತು. ಮಗಳು ಅಂಗಳದಲ್ಲಿದ್ದಳು. ನಾನು ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕರಗಿಸಿದೆ. ನೀರು ಗಡ್ಡೆ ಕಟ್ಟಿ ಕರಗಿದರೆ ಮತ್ತೆ ನೀರೇ. ಹಾಲು ಕರಗಿದರೆ ಹಾಲೇ. ಔಷಧವೂ ಹಾಗೆಯೇ ಅಂದುಕೊಂಡೆ. ನೋಡಲು ಮೊದಲಿನಂತೆಯೇ ಇತ್ತು. ಮಗಳಿಗೆ ಹೇಳಲಿಲ್ಲ, ಹೇಳಿದ್ದರೆ ಅವಳ ಮಾತು ಗೆದ್ದ ಹಾಗಾಗುತ್ತಿತ್ತು. ಸೀಸೆಯನ್ನು ಸುಮ್ಮನೆ ಗಡಿಗೆಗೆ ವಾಪಸು ಇಟ್ಟೆ. ಇದ್ದದ್ದು ಅದೊಂದೇ ಸೀಸೆ.

ಮೂರನೇ ದಿನ ಹುಡುಗಿ ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದಳು. ನಾಲ್ಕನೇ ದಿನ ವಾಂತಿ. ಬಿಸಿಲಿಗೆ ಹಾಗಾಗಿದೆ ಎಂದು ಮಜ್ಜಿಗೆ ಕುಡಿಸಿದವಳೂ ನಾನೇ. ಮಗಳು ಒಂದು ಹೊತ್ತೂ ಸೂಜಿ ತಪ್ಪಿಸಲಿಲ್ಲ. ಐದನೇ ದಿನ ಬೆಳಿಗ್ಗೆ ಹುಡುಗಿಯ ಉಸಿರು ಓಡಿ ಬಂದವರ ಹಾಗೆ ಏರಿತು. ರಾಯಚೂರಿನ ದವಾಖಾನೆಗೆ ಒಯ್ದೆವು.

ಮಗಳು ಒಳಗೆ ಹಾಸಿಗೆಯ ಹತ್ತಿರ ಇದ್ದಳು. ಡಾಕ್ಟರು ಹೊರಗೆ ಬಂದು ನನ್ನ ಕೈಯಲ್ಲಿದ್ದ ಸೀಸೆ ತಿರುಗಿಸಿ ನೋಡಿದರು.

“ಇದು ಗಡ್ಡಿ ಕಟ್ಟಿತ್ತೇನಮ್ಮಾ? ಒಮ್ಮಿ ಗಡ್ಡಿ ಕಟ್ಟಿದ್ರ ಕರಗಿದ ಮ್ಯಾಲೂ ಕೆಲಸ ಮಾಡೂದಿಲ್ಲ.”

“ಇಲ್ರೀ,” ಎಂದೆ.

“ಹಂಗಿದ್ರ ಸೂಜಿ ಸರಿಯಾಗಿ ಬಿದ್ದಿಲ್ಲ ಬಿಡ್ರಿ.”

ಅವರು ತಮ್ಮ ಔಷಧ ಕೊಟ್ಟರು. ಹೊತ್ತು ಮೀರಿತ್ತು. ಮಧ್ಯಾಹ್ನ ಹುಡುಗಿ ಹೋದಳು. ದೇವದುರ್ಗದಿಂದ ಅಳಿಯ ಬಂದು ಮುಟ್ಟಿದಾಗ ಮೈ ಇನ್ನೂ ಬೆಚ್ಚಗಿತ್ತು. ಡಾಕ್ಟರ ಮಾತು ಕಿವಿಗೆ ಬಿದ್ದದ್ದೇ ತಡ, ಹೆಂಡತಿಯ ಮೇಲೆ ಹರಿಹಾಯ್ದ.

“ಒಂದು ಸೂಜಿ ನೆಟ್ಟಗ ಹಾಕಾಕ ಬರಲಿಲ್ಲಲ್ಲೇ ನಿನಗ? ಕೂಸಿನ್ನ ಕೊಂದಿ!”

“ಹೌದು, ಅಳತಿ ತಪ್ಪೇನಿ ಕಾಣ್ತದ,” ಎಂದಳು ಮಗಳು.

ನಾನು ಬಾಯಿ ಬಿಡಲಿಲ್ಲ. ಮಾನ್ವಿಗೆ ತಂದು ಅಂದೇ ಸಂಜೆ ಮಣ್ಣು ಮಾಡಿದೆವು. ಬಂದ ಹೆಂಗಸರು ನನ್ನ ಸುತ್ತ ಕೂತು ಸಮಾಧಾನ ಹೇಳಿದರು. ಮಗಳ ಹತ್ತಿರ ಯಾರೂ ಕೂರಲಿಲ್ಲ. ಅವಳು ಖಾಲಿ ಸಿರಿಂಜು ಹಿಡಿದು ಅದರ ಮೇಲಿನ ಗೆರೆಗಳನ್ನು ಎಣಿಸುತ್ತಿದ್ದಳು. ಮುಗಿದರೆ ಮತ್ತೆ ಒಂದರಿಂದ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಎದುರು ಕೂರಿಸಿಕೊಂಡೆ. ಸೀಸೆ ಗಡ್ಡೆ ಕಟ್ಟಿದ್ದು, ಅಂಗೈಯಲ್ಲಿ ಕರಗಿಸಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಅಳಿಯ ಗೋಡೆಯ ಕಡೆ ತಿರುಗಿದ. ಮಗಳು ಎದ್ದು, ನನ್ನ ಚೀಲ ತಂದು ಹೊಸ್ತಿಲ ಹೊರಗಿಟ್ಟಳು. ನಾನು ಅದನ್ನು ಎತ್ತಿಕೊಂಡು ನಡೆದು ಹೋಗಿ ರಾಯಚೂರಿನ ಬಸ್ಸು ಹತ್ತಿದೆ.