ದೊಡ್ಡವ್ವನ ರಬ್ಬರ್ ಅಂಗುಳ

ಒಲೆಯ ಪಕ್ಕದ ಗೋಡೆಯ ಮಾಡದಲ್ಲಿ ಒಂದು ಹಿತ್ತಾಳೆ ಬಟ್ಟಲು, ಅದರ ನೀರಿನಲ್ಲಿ ಒಂದು ಕೆಂಪು ರಬ್ಬರಿನ ತುಂಡು. ನಮ್ಮವ್ವನ ಅಕ್ಕ, ನನ್ನ ದೊಡ್ಡವ್ವನ ಅಂಗುಳ ಅದು! ಬೆಳಿಗ್ಗೆ ಮುಖ ತೊಳೆದು ಅದನ್ನು ಬಾಯೊಳಗೆ ಕೂಡಿಸಿಕೊಂಡಳೆಂದರೆ ಯಲಬುರ್ಗಾದ ನಮ್ಮ ಓಣಿಗೆಲ್ಲ ಎಚ್ಚರವಾಗುತ್ತಿತ್ತು. ಅಷ್ಟು ಗಟ್ಟಿ ಬಾಯಿ.

ನಿಜಾಮರ ಆ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿರಲಿಲ್ಲ. ಮದುವೆ ಮನೆಯಲ್ಲಿ ಒತ್ತಾಯ ಮಾಡಿದರೆ ಪ್ರಾಸ ಕಟ್ಟಿ, ಒಡಪಿನಲ್ಲಿ ಹೇಳಬೇಕು. ಓಣಿಯ ಮದುವಣಗಿತ್ತಿಯರಿಗೆಲ್ಲ ಒಡಪು ಕಟ್ಟಿಕೊಡುವವಳು ದೊಡ್ಡವ್ವನೇ. ಅಂಥವಳ ಅಂಗುಳದಲ್ಲಿ ಗಡ್ಡೆ ಬೆಳೆಯಿತು. ದೂರದ ಮಿಶನ್ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಕುಡಿದ ನೀರು ಮೂಗಿನಿಂದ ಬರುತ್ತಿತ್ತು. ಆಡಿದ್ದೆಲ್ಲ ಮೂಗಿನಲ್ಲೇ ಸೋರಿಹೋಗಿ ಯಾರಿಗೂ ತಿಳಿಯುತ್ತಿರಲಿಲ್ಲ. ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಆಗಲೇ ನನ್ನ ಮದುವೆ ಗೊತ್ತಾಗಿತ್ತು. ದೊಡ್ಡವ್ವನ ಬಾಯಿಲ್ಲದೆ ಎಂಥ ಮದುವೆ ಎಂದು ನಾನು ಅತ್ತಿದ್ದೇ ಅತ್ತಿದ್ದು.

ಗಾಯ ಮಾಗಿದ ಮೇಲೆ ಡಾಕ್ಟರು ಮೇಣದಲ್ಲಿ ಅಚ್ಚು ತೆಗೆದು ರಬ್ಬರಿನ ಅಂಗುಳ ಮಾಡಿಸಿದರು. ಅದನ್ನು ಹಾಕುವ ದಿನ ದೊಡ್ಡಪ್ಪನೂ ನಾನೂ ಪಕ್ಕದಲ್ಲೇ ನಿಂತಿದ್ದೆವು. ಆ ಬಿಳಿಯ ಡಾಕ್ಟರು ದೊಡ್ಡಪ್ಪನ ಕಡೆ ಬೆರಳು ತೋರಿಸಿ, ತಮಗೆ ಬರುವ ಕನ್ನಡದಲ್ಲಿ, “ಇವರ ಹೆಸರು ಹೇಳಿ” ಎಂದರು. ಕೇಳಿ ಕೇಳಿ ಅದನ್ನೇ ಕೇಳಬೇಕೇ! ದೊಡ್ಡವ್ವ ತುಟಿ ಬಿಗಿದಳು. ಎಲ್ಲೋ ಒತ್ತುತ್ತಿದೆ ಎಂದುಕೊಂಡು ಡಾಕ್ಟರು ಅಂಗುಳ ತೆಗೆದು, ಅರದಿಂದ ಉಜ್ಜಿ, ಮತ್ತೆ ಹಾಕಿದರು. “ಹೆಸರು?” ದೊಡ್ಡವ್ವ ಸೂರು ನೋಡಿದಳು. ಮತ್ತೆ ಉಜ್ಜಿದರು. ಹೆದರಿಕೆಯಲ್ಲಿ ನಮ್ಮಿಬ್ಬರಿಗೂ ಪದ್ಧತಿ ಮರೆತೇ ಹೋಗಿತ್ತು. ಮೂರನೆಯ ಸಲ ಹಾಕಿದಾಗ ದೊಡ್ಡಪ್ಪನ ಕಣ್ಣಲ್ಲಿ ನೀರು.

“ಹೋಗ್ಲಿ ಬಿಡ್ರಿ ಸಾಹೇಬ್ರ, ಮಾತು ಇಲ್ದಿದ್ರ ಇಲ್ಲ. ಆಕಿ ಅದಾಳಲ್ರಿ, ಅಷ್ಟ ಸಾಕು” ಎಂದ.

ಆಗ ದೊಡ್ಡವ್ವ ಸೆರಗು ಸರಿಮಾಡಿಕೊಂಡಳು.

“ಎರಿ ಹೊಲದಾಗ ಕುಸುಬಿ ಹೂ ಚಂದ,
ಸಜ್ಜಿ ರೊಟ್ಟಿಗೆ ಪುಂಡಿಪಲ್ಯ ಚಂದ,
ರಬ್ಬರ ಬಾಯಾಗ ಯಾರ ಹೆಸರು ಚಂದ?”

ಆಮೇಲೆ ಹೆಸರು! ಒಂದಕ್ಷರವೂ ಸೋರದೆ, ಖಣಖಣ. ದೊಡ್ಡಪ್ಪ ನಾಚಿ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ.

“ಮೊದಲ ಹೇಳಾಕ ಏನಾಗಿತ್ತ ನಿನಗ?” ಎಂದು ನಾನು ರೇಗಿದೆ.

“ಹುಚ್ಚಿ, ಒಡಪು ಕಟ್ಟಾಕ ಹೊತ್ತು ಬ್ಯಾಡೇನ?”

ನನ್ನ ಮದುವೆಯಲ್ಲಿ ನಾನು ಹೇಳಿದ್ದು ಅವಳು ಕಟ್ಟಿದ ಒಡಪನ್ನೇ. ಆಮೇಲೂ ಬಹಳ ವರ್ಷ ಬಾಯಿ ಮಾಡಿಕೊಂಡೇ ಬದುಕಿದಳು. ಅವಳು ತೀರಿಹೋದ ದಿನ ದೊಡ್ಡಪ್ಪ ಬಟ್ಟಲಿನಿಂದ ಅಂಗುಳ ತೆಗೆದು, ತಾನೇ ತೊಳೆದು, ಅವಳ ಬಾಯಿಗೆ ಕೂಡಿಸಿದ. ಈಗ ಯಾಕೆ ಅದು ಎಂದವರಿಗೆ ಹೇಳಿದ: “ಮ್ಯಾಲ ಹೋದ ಕೂಡ್ಲೆ ಗಂಡನ ಹೆಸರು ಕೇಳಿದ್ರ ಏನ್ ಮಾಡ್ತಾಳ? ಒಡಪು ಹೇಳಬೇಕಲ್ಲ.”

ಅಳುತ್ತ ಕೂತಿದ್ದ ನಾವೆಲ್ಲ ನಕ್ಕುಬಿಟ್ಟೆವು.