ಭಾವನ ಸರ್ಟಿಫಿಕೇಟು

ಶೋಕಿಗೆ ರೇಸ್ ಕಾರು ಓಡಿಸುವವರಿಗೆ ಡಾಕ್ಟರ ಸರ್ಟಿಫಿಕೇಟು ಯಾಕೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ನಾನೂ ಹಾಗೇ ಅಂದವನು.

ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ವರ್ಷಗಳವು. ಗುಂಡ್ಲುಪೇಟೆಯ ಹೊರಗೆ, ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಇಟ್ಟವರು ಸರ್ಟಿಫಿಕೇಟು ತರಲು ಹೇಳಿದ್ದರು. ಅದರಲ್ಲಿ ಓಡಿಸಲು ಹೆಸರು ಕೊಟ್ಟಿದ್ದ ನನ್ನ ಅಕ್ಕನ ಗಂಡನಿಗೆ ಮೂರ್ಛೆರೋಗವಿತ್ತು. ಮೂರ್ಛೆ ಬಂದಾಗಲೆಲ್ಲ ಅವರ ಕೈಗೆ ಬೀಗದ ಕೈ ಕೊಡುತ್ತಿದ್ದೆವು. ಕಬ್ಬಿಣ ಹಿಡಿದರೆ ನಿಲ್ಲುತ್ತದೆ ಎಂಬುದು ನಮ್ಮ ನಂಬಿಕೆ.

"ನೀನೇ ಓಗಿ ತಂದ್ಬುಡ್ಲಾ," ಎಂದರು ಭಾವ. ಸ್ಕೂಲಿನ ರಜೆಗೆ ಸರ್ಟಿಫಿಕೇಟು ತರುವಂತೆ ಚಾಮರಾಜನಗರಕ್ಕೆ ನಾನೊಬ್ಬನೇ ಹೋದೆ. ಡಾಕ್ಟರು ತಲೆಯೆತ್ತದೆ, "ಆರೋಗ್ಯವಾಗಿದ್ದಾರಾ?" ಎಂದರು.

"ಗುಂಡ್ಕಲ್ಲಂಗವ್ರೆ ಸಾ," ಎಂದೆ. ಸಹಿ ಬಿತ್ತು.

ಎರಡನೇ ಸುತ್ತಿನಲ್ಲಿ ಭಾವನ ಕಾರು ತಿರುವಿನಲ್ಲಿ ತಿರುಗಲೇ ಇಲ್ಲ, ನೇರ ಹೋಗಿ ಬಂಡೆಗೆ ಬಡಿಯಿತು. ಹೊರಗೆಳೆದು ಮಲಗಿಸಿದಾಗ ಅವರ ಕೈಕಾಲು ಸೆಟೆದು ಅದುರುತ್ತಿದ್ದವು. "ಕಬ್ಣ ಕೊಡ್ರಲಾ ಕೈಗೆ!" ಎಂದು ಯಾರೋ ಕೂಗಿದರು. ನಾನು ಆ ಕಾರಿನ ಕೀಯನ್ನೇ ಕಿತ್ತು ಅವರ ಮುಷ್ಟಿಗೆ ತುರುಕಿದೆ. ಅದುರುವುದು ನಿಂತಿತು. ಉಸಿರೂ ನಿಂತಿತು.

ತಿಥಿಯ ದಿನ ಅಕ್ಕ ಕೇಳಿದ್ದು ಒಂದೇ ಮಾತು: "ಆ ಡಾಕ್ಟ್ರು ನಿಮ್ ಬಾವನ್ನ ನೋಡುದ್ರೇನ್ಲಾ?"

ಅವರು ನನ್ನನ್ನೂ ನೋಡಿರಲಿಲ್ಲ.