ಸತ್ಯವ್ವ ಬಿಡಿಸದೆ ಬಿಟ್ಟ ಸಮೀಕರಣ

ಕೇಶ್ವಾಪುರದ ಒಂದು ಮಿಶನ್ ಶಾಲೆಯಲ್ಲಿ ಸತ್ಯವ್ವ ಹದಿನೆಂಟು ವರ್ಷದಿಂದ ಆಯಾ. ಕಟ್ಟಡದ ನಲವತ್ತು ಕೀಲಿಕೈಗಳೂ ಅವಳ ಸೊಂಟದಲ್ಲಿರುತ್ತವೆ. ಹೊಸಬರಾದರೆ ಒಂದೊಂದನ್ನೇ ತೂರಿಸುತ್ತ ನಿಲ್ಲುತ್ತಾರೆ. ಸತ್ಯವ್ವ ಮೊದಲು ಬೀಗದ ಬಾಯಿ ನೋಡುತ್ತಾಳೆ. ಈ ವರ್ಷ ಜವಾನರ ಕಾಯಂ ಹುದ್ದೆ ಖಾಲಿಯಾಯಿತು. ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ನಲವತ್ತಾರರ ಸತ್ಯವ್ವ ಚರ್ಚಿನ ಹಾಲಿನಲ್ಲಿ ನಡೆಯುವ ಸಂಜೆ ವರ್ಗಕ್ಕೆ ಸೇರಿದಳು.

ಅಲ್ಲಿ ಗಣಿತ ಹೇಳುವವರು ನಿವೃತ್ತ ಬೆಂಜಮಿನ್ ಸರ್. ಮೂವತ್ತನಾಲ್ಕು ವರ್ಷ ಪುಸ್ತಕ ಮುಟ್ಟದೆ ಪಾಠ ಮಾಡಿದವರು. ಇದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸದವರ ಪರೀಕ್ಷೆಯ ಅರ್ಜಿಗೆ ತಾವು ರುಜು ಹಾಕುವುದಿಲ್ಲ ಎಂಬ ಕಾನೂನನ್ನೂ ಅವರೇ ಮಾಡಿದ್ದರು.

ಅರ್ಜಿಗೆ ಕೊನೆಯ ದಿನ. ಸರ್ ಸತ್ಯವ್ವನನ್ನು ಬೋರ್ಡಿಗೆ ಕರೆದು, ತಲೆಯಿಂದಲೇ ಒಂದು ಸಮೀಕರಣ ತೆಗೆದು ಬರೆದರು: x² − 5x + 8 = 0.

ಸತ್ಯವ್ವ ಅಪವರ್ತನಕ್ಕೆ ಕೈ ಹಾಕಲಿಲ್ಲ. ಐದರ ವರ್ಗ ಇಪ್ಪತ್ತೈದು. ಅದರಲ್ಲಿ ನಾಲ್ಕು, ಒಂದು, ಎಂಟು ಗುಣಿಸಿ ಬಂದ ಮೂವತ್ತೆರಡು ಕಳೆದು ಶೋಧಕ ತೆಗೆದಳು. ಚಾಕ್ ಕೆಳಗಿಟ್ಟಳು.

“ಇದಕ್ಕ ವಾಸ್ತವ ಮೂಲಾ ಇಲ್ರಿ ಸರ್.”

“ಮೂಲಾ ಇಲ್ಲೋ, ನಿನಗ ಬರಂಗಿಲ್ಲೋ?”

“ಶೋಧಕ ಮೈನಸ್ ಏಳು ಬಂತ್ರಿ. ಮೈನಸ್ ಬಂದ್ರ ಹುಡುಕಬ್ಯಾಡ್ರಿ ಅಂತ ನೀವ ಹೇಳೀರಲ್ರಿ.”

“ಸರಕೋವಾ, ನಾ ತೋರಸ್ತೇನಿ,” ಎಂದು ಸರ್ ಅಂಗಿಯ ತೋಳು ಮಡಚಿದರು. ಗುಣಿಸಿದರೆ ಎಂಟು, ಕೂಡಿದರೆ ಐದು ಆಗುವ ಜೋಡಿ ಬೇಕಿತ್ತು. ಎರಡು, ನಾಲ್ಕು ಹಿಡಿದರು, ಕೂಡಿದರೆ ಆರು. ಒಂದು, ಎಂಟು ಹಿಡಿದರು, ಒಂಬತ್ತು. ಅರ್ಧ ಬೋರ್ಡು ತುಂಬಿತು.

ಹಿಂದಿನ ಬೆಂಚಿನಿಂದ ಗ್ಯಾರೇಜಿನ ಜುಲ್ಫಿಕಾರ ಎದ್ದ. “ಸರ್, ಎರಡೂ ಮೂರೂ ಹಿಡೀರಿ. ಎಂಟಕ್ಕ ಎರಡು ಕಮ್ಮಿ ಬೀಳ್ತಾವ, ಅವನ್ನ ನಾ ಹಾಕ್ತೇನಿ.”

ಸರ್‌ಗೆ ಆಗ ಹೊಳೆಯಿತು: ಬರೆಯಬೇಕಿದ್ದದ್ದು ಎಂಟಲ್ಲ, ಆರು. ಅವರು ನಿಧಾನವಾಗಿ ಕೈಯ ಪುಡಿ ಝಾಡಿಸಿದರು.

“ನಿನ್ನ ಪರೀಕ್ಷಾ ಮಾಡಾಕಂತನ ಕೊಟ್ಟಿದ್ದೆ.”

“ಗೊತ್ತಾತ್ರಿ,” ಎಂದಳು ಸತ್ಯವ್ವ. “ಹಂಗಾರ ನಾ ಪಾಸ್ ಆದೆ. ರುಜು ಹಾಕ್ರಿ.”

“ತಡೀವಾ, ಇನ್ನೊಂದು ಕೊಡ್ತೇನಿ.”

“ಕೊಡ್ರಿ ಸರ್. ಈ ಸಲ ಪುಸ್ತಕಾ ನೋಡಿ ಕೊಡ್ರಿ.”

ಸರ್ ಇನ್ನೊಂದನ್ನು ಕೊಡಲಿಲ್ಲ. ರುಜು ಹಾಕಿ, ಷರಾ ಜಾಗದಲ್ಲಿ ‘ನನ್ನ ಬೋಧನೆಯಿಂದ ಅರ್ಹತೆ ಪಡೆದಿರುತ್ತಾಳೆ’ ಎಂದೂ ಸೇರಿಸಿದರು. ಸತ್ಯವ್ವ ಎರಡು ಸಲ ಓದಿ, ಅರ್ಜಿಯನ್ನು ಮತ್ತೆ ಮುಂದಿಟ್ಟಳು.

“ತಾರೀಖು ಬಿಟ್ಟೀರಿ, ಸರ್.”